ತೊಟ್ಟಿಲನ್ನು ಸಿದ್ಧಮಾಡತಕ್ಕವರು ಯಾರು?

ಒಂದು ಮನೆಯಲ್ಲಿ ಕೂಸು ಹುಟ್ಟಲಿಕ್ಕಿದೆ ಎಂಬ ವರ್ತಮಾನವು ತಿಳಿದಾಗ ಆ ಮನೆಯವರಿಗೂ ನೆರೆಹೊರೆಯವರಿಗೂ ಸಂತೋಷವಾಗುವದು ಸಹಜ. ಮಕ್ಕಳು ದೇವರ ಕೊಡುಗೆ ಎಂಬದನ್ನು ನಾವು ದೀಕ್ಷಾಸ್ನಾನದ ದಿವಸಗಳಲ್ಲಿ ಸಭೆಯ ಮುಂದೆ ಪುನಃ ಪುನಃ ಕೇಳಿದವರಾಗಿದ್ದೇವೆ. ಆದರೆ ಗರ್ಭಿಣಿಯಾದವಳು ದಿನಗೂಲಿಯಿಂದ ಬದುಕುವ ಹೆಂಗಸಾಗಿದ್ದರೆ, ಆ ಸಂತೋಷದ ಬೆನ್ನಿಗೇ ಒಂದು ಚಿಂತೆಯು ಅವಳ ಮನಸ್ಸನ್ನು ಹೊಕ್ಕು ರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ. ಇನ್ನೂ ಎಷ್ಟು ತಿಂಗಳು ನಾನು ನಾಟಿಗೂ ಕಳೆಗೂ ಹೋಗಬಲ್ಲೆನು? ಹೋಗದ ದಿವಸ ಮನೆಯಲ್ಲಿ ಒಲೆ ಹೇಗೆ ಉರಿಯುವದು? ಹೆತ್ತ ಎಷ್ಟನೆಯ ದಿವಸ ತಿರಿಗಿ ಹೊಲಕ್ಕೆ ಇಳಿಯಬೇಕಾಗುವದು? ಇಳಿದಾಗ ಕೂಸನ್ನು ಯಾರ ಕೈಯಲ್ಲಿ ಬಿಡಲಿ?

ನಮ್ಮ ಗ್ರಾಮಸಭೆಗಳಲ್ಲಿ ಇಂಥ ಹೆಂಗಸರು ಒಬ್ಬಿಬ್ಬರಲ್ಲ. ಕೆಲವರು ಗದ್ದೆಯಲ್ಲಿ ಸಸಿ ನೆಟ್ಟು ಕಳೆ ಕೀಳುವರು. ಬೈಲುಸೀಮೆಯಲ್ಲಿ ಕೆಲವರು ಹತ್ತಿಯನ್ನೂ ಮೆಣಸಿನಕಾಯಿಯನ್ನೂ ಬಿಡಿಸುವರು. ಕರಾವಳಿಯಲ್ಲಿ ಬೀಡಿ ಕಟ್ಟುವರು. ಮಲೆನಾಡಿನಲ್ಲಿ ಕಾಫಿತೋಟದ ಕೆಲಸಕ್ಕೆ ಹೋಗುವರು. ಪಟ್ಟಣದ ಹತ್ತಿರವಿರುವವರು ಬೆಳಗಾಗುವ ಮೊದಲೇ ವಾಹನ ಹತ್ತಿ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗಿ ಹೊಲಿಗೆಯ ಯಂತ್ರದ ಮುಂದೆ ಕೂತುಕೊಳ್ಳುವರು. ಸಂಜೆ ಮನೆಗೆ ಬಂದರೆ ಅಡಿಗೆಯೂ ನೀರೂ ಕಸಮುಸುರೆಯೂ ಅವರಿಗಾಗಿ ಕಾದಿರುತ್ತವೆ. ಇದು ಹೆಂಗಸರ ಮಾತು, ಅಡಿಗೆಯ ಮನೆಯಲ್ಲಿಯೇ ತೀರತಕ್ಕ ಮಾತು ಎಂದು ಗಂಡಸರಲ್ಲಿ ಅನೇಕರು ತಿಳಿಯುತ್ತಾರೆ. ನಾವು ಹಾಗೆ ತಿಳಿಯುವದಿಲ್ಲ. ಎರಡು ಜೀವಗಳ ಕ್ಷೇಮವೂ ಒಂದು ಮನೆಯ ಅನ್ನವೂ ಒಂದು ಸಭೆಯ ಪ್ರೀತಿಯೂ ಇದರಲ್ಲಿ ಪರೀಕ್ಷಿಸಲ್ಪಡುವದರಿಂದ ಇದು ಧರ್ಮದ ಪ್ರಶ್ನೆಯೇ ಆಗಿದೆ. ಅದನ್ನು ಹೀಗೆ ಕೇಳೋಣ: ದುಡಿಯುವ ಗರ್ಭಿಣಿಗೆ ದೊರೆಯುವ ವಿಶ್ರಾಂತಿಯು ಇತರರು ದಯೆಯಿಂದ ಕೊಡುವ ದಾನವೋ, ಇಲ್ಲವೆ ಅವಳಿಗೆ ತೀರಿಸಲೇ ಬೇಕಾದ ಸಾಲವೋ?

ಇದಕ್ಕೆ ಉತ್ತರ ಹೇಳುವ ಮೊದಲು ದಾರಿಗೆ ಅಡ್ಡವಾಗಿ ಬಿದ್ದಿರುವ ಕೆಲವು ಮಾತುಗಳನ್ನು ತೆಗೆದುಹಾಕಬೇಕು. ಮೊದಲನೆಯದು ಅಪಶಕುನದ ಭಯ. ಕೂಸು ಹುಟ್ಟುವ ಮುಂಚೆ ತೊಟ್ಟಿಲು ತರಬಾರದು, ಕುಲಾವಿ ಹೊಲಿಯಬಾರದು, ದೃಷ್ಟಿ ತಗಲುವದು ಎಂಬ ಮಾತು ನಮ್ಮ ಊರುಗಳಲ್ಲಿ ಹಳೆಯದು. ಕ್ರೈಸ್ತರ ಮನೆಗಳಿಂದಲೂ ಅದು ಪೂರಾ ಹೋಗಿಲ್ಲ. ಹುಟ್ಟಿದ ಕೂಸುಗಳಲ್ಲಿ ಅನೇಕವು ಉಳಿಯದೆ ಹೋಗುತ್ತಿದ್ದ ಕಾಲದಲ್ಲಿ, ಬರಿದಾದ ತೊಟ್ಟಿಲನ್ನು ನೋಡಿ ಅಳುವದಕ್ಕಿಂತ ಅದನ್ನು ತಾರದೆ ಇರುವದೇ ಮೇಲೆಂದು ತಾಯಂದಿರು ಎಣಿಸಿರಬಹುದು. ಅಂಥ ದುಃಖವನ್ನು ನಾವು ಹಾಸ್ಯ ಮಾಡಕೂಡದು. ಆದರೆ ಭಯವು ನಮ್ಮ ಕೈಗಳನ್ನು ಕಟ್ಟಿಹಾಕಲೂ ಕೂಡದು. ಗೋಪುರ ಕಟ್ಟಬೇಕೆಂದಿರುವವನು ಮೊದಲು ಕೂತು ಖರ್ಚನ್ನು ಎಣಿಸುವನೆಂದು ಕರ್ತನು ತಾನೇ ಸಾಮ್ಯವಾಗಿ ಹೇಳಲಿಲ್ಲವೇ? ಮಳೆಗೆ ಮೊದಲು ಮಾಡನ್ನು ಹೊದಿಸುವ ರೈತನು ದೇವರನ್ನು ನಂಬದವನೆಂದು ಯಾರೂ ಹೇಳುವದಿಲ್ಲ. ಮುಂದಾಲೋಚನೆಯು ಅವಿಶ್ವಾಸವಲ್ಲ, ದೇವರು ಕೊಟ್ಟ ಬುದ್ಧಿಯನ್ನು ಉಪಯೋಗಿಸುವದೇ ಅದು. ಮರದ ತೊಟ್ಟಿಲನ್ನು ಆಮೇಲೆ ತರುವವರು ತರಲಿ. ಅದಕ್ಕಿಂತ ಮುಖ್ಯವಾದ ತೊಟ್ಟಿಲು ಒಂದಿದೆ. ತಾಯಿಗೆ ಮಲಗಲು ಸಮಯ, ಉಣ್ಣಲು ಅನ್ನ, ರಾತ್ರಿಯಲ್ಲಿ ಜೊತೆಗೆ ಒಬ್ಬರು, ಅವಸರಕ್ಕೆ ಕೈಯಲ್ಲಿ ನಾಲ್ಕು ಕಾಸು, ಇವುಗಳಿಂದ ಆಗುವ ತೊಟ್ಟಿಲು ಅದು. ಅದನ್ನು ಹೆರಿಗೆಯ ದಿವಸ ಹುಡುಕಹೋದರೆ ಸಿಕ್ಕುವದಿಲ್ಲ.

ಎರಡನೆಯದಾಗಿ, ತಾಯಿಯಾಗತಕ್ಕವಳು ಕೂಲಿಗೆ ಹೋಗುವದೇ ತಪ್ಪು, ಒಳ್ಳೇ ಹೆಂಗಸು ಮನೆಯಲ್ಲಿಯೇ ಇರುವಳು ಎಂದು ಕೆಲವರು ಹೇಳುವದುಂಟು. ಹೀಗೆ ಹೇಳುವವರು ಬಹುಮಟ್ಟಿಗೆ ಹೊಟ್ಟೆಗೆ ಇದ್ದವರು. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದಲ್ಲಿ ಹೊಗಳಲ್ಪಟ್ಟ ಸ್ತ್ರೀಯು ಹೊಲವನ್ನು ಕೊಂಡುಕೊಂಡವಳು, ನೂಲು ನೂತವಳು, ನೆಯ್ದದ್ದನ್ನು ಮಾರಿದವಳು. ಅವಳ ಕೆಲಸವು ಅವಳಿಗೆ ಅವಮಾನವಾಗದೆ ಕೀರ್ತಿಯಾಯಿತು. ಇನ್ನೊಂದು ಸಂಗತಿಯನ್ನು ನಮ್ಮ ವಾಚಕರು ವಿಮೋಚನಕಾಂಡದಲ್ಲಿ ನೋಡಲಿ. ಮೋಶೆಯ ತಾಯಿಯು ತನ್ನ ಸ್ವಂತ ಮಗನಿಗೆ ಹಾಲು ಕೊಟ್ಟದ್ದಕ್ಕೆ ಫರೋಹನ ಮಗಳಿಂದ ಸಂಬಳವನ್ನು ಪಡೆದಳು. ದಾಸತ್ವದಲ್ಲಿದ್ದ ಆ ಬಡ ಹೆಂಗಸಿನ ಕೈಯಲ್ಲಿ ಕೂಸೂ ಕೂಲಿಯೂ ಒಂದೇ ಸಾರಿ ಬಂದವು. ಕೂಸನ್ನು ಸಾಕುವದು ಸಂಬಳಕ್ಕೆ ಯೋಗ್ಯವಾದ ಕೆಲಸವೆಂದು ಅರಸನ ಮಗಳು ತಿಳಿದುಕೊಂಡಳು. ನಾವು ಇದನ್ನು ಇನ್ನೂ ಸರಿಯಾಗಿ ತಿಳಿದುಕೊಂಡಿಲ್ಲ. ದುಡಿಯುವ ತಾಯಿಯಲ್ಲಿ ಪಾಪವಿಲ್ಲ. ಅವಳ ದುಡಿಮೆಯನ್ನು ಉಂಡು ಅವಳ ದಣಿವನ್ನು ಕಾಣದೆ ಇರುವವರಲ್ಲಿ ಪಾಪವಿದೆ.

ಮೂರನೆಯ ಮಾತು ನಮ್ಮ ಹಿರಿಯರ ಬಾಯಿಂದ ಬರುವದು. ನಮ್ಮ ಕಾಲದಲ್ಲಿ ಹೊಲದ ಬದುವಿನಲ್ಲಿಯೇ ಹೆತ್ತು, ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು, ಸಂಜೆಗೆ ಮನೆಗೆ ಬಂದವರಿದ್ದರು. ಈಗಿನವರಿಗೆ ಮೈಯಲ್ಲಿ ಬಲವಿಲ್ಲ ಎನ್ನುತ್ತಾರೆ. ಹಾಗೆ ಬಂದವರು ಇದ್ದದ್ದು ನಿಜ. ಆದರೆ ಈ ಕಥೆಯನ್ನು ನಮಗೆ ಹೇಳುವವರು ಬದುಕಿ ಉಳಿದವರು ಮಾತ್ರವೇ ಎಂಬದನ್ನು ಆಲೋಚಿಸಿರಿ. ಬದುವಿನಿಂದ ಮನೆಗೆ ಬಾರದವರು ತಮ್ಮ ಕಥೆಯನ್ನು ಹೇಳಲಿಲ್ಲ. ಅವರ ಕಥೆಯು ಸ್ಮಶಾನಭೂಮಿಯಲ್ಲಿ, ಹೆಸರು ಕೆತ್ತದ ಸಣ್ಣ ದಿಬ್ಬಗಳ ಕೆಳಗೆ ಇದೆ. ತಾಯಿಯಿಲ್ಲದೆ ಬೆಳೆದ ಮುದುಕರನ್ನು ಕೇಳಿದರೆ ಅವರು ಅದನ್ನು ಬೇರೆ ರೀತಿಯಾಗಿ ಹೇಳುವರು.

ನಾಲ್ಕನೆಯ ಮಾತು ಎಲ್ಲಕ್ಕಿಂತ ಕಠಿಣವಾದದ್ದು, ಯಾಕಂದರೆ ಅದು ಸತ್ಯವೇದದ ಹೆಸರಿನಲ್ಲಿ ಬರುತ್ತದೆ. ಹೆರುವ ನೋವು ಹವ್ವಳಿಗೆ ವಿಧಿಸಲ್ಪಟ್ಟ ಶಿಕ್ಷೆಯಾಗಿರಲಾಗಿ ಹೆಂಗಸು ಅದನ್ನು ತಾಳಿಕೊಳ್ಳಲೇ ಬೇಕೆಂದು ಹೇಳುವವರಿದ್ದಾರೆ. 1847ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ಪಟ್ಟಣದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಎಂಬ ವೈದ್ಯನು ಹೆರುವವರ ನೋವನ್ನು ತಗ್ಗಿಸುವದಕ್ಕೆ ಮೊದಲು ಈಥರ್ ಎಂಬ ಔಷಧವನ್ನೂ ಬಳಿಕ ಕ್ಲೋರೋಫಾರ್ಮನ್ನೂ ಉಪಯೋಗಿಸಿದಾಗ, ಇದೇ ವಚನವನ್ನು ಮುಂದಿಟ್ಟು ಆಕ್ಷೇಪಿಸಿದವರು ಇದ್ದರು. ದೇವರು ಆದಾಮನ ಪಕ್ಕೆಯ ಎಲುಬನ್ನು ತೆಗೆಯುವ ಮೊದಲು ಅವನಿಗೆ ಗಾಢನಿದ್ರೆಯನ್ನು ಬರಮಾಡಿದ ಸಂಗತಿಯನ್ನು ಆ ವೈದ್ಯನು ಅವರಿಗೆ ಜ್ಞಾಪಕಪಡಿಸಿದನು. ನಾವು ಇನ್ನೊಂದನ್ನು ಕೇಳುತ್ತೇವೆ. ಅದೇ ಅಧ್ಯಾಯದಲ್ಲಿ ಗಂಡಸಿಗೆ ಮುಳ್ಳುಗಳೂ ಕಳೆಗಳೂ ಹುಟ್ಟುವ ಭೂಮಿಯು ವಿಧಿಸಲ್ಪಟ್ಟಿತು. ಹಾಗಾದರೆ ಹೊಲದ ಕಳೆಯನ್ನು ಕೀಳುವದು ಪಾಪವೋ? ಗಂಡಸು ತನ್ನ ಪಾಲಿನ ಶಾಪವನ್ನು ಗುದ್ದಲಿಯಿಂದಲೂ ಎತ್ತಿನಿಂದಲೂ ಟ್ರಾಕ್ಟರಿನಿಂದಲೂ ಹಗುರಮಾಡಿಕೊಳ್ಳುತ್ತಾನೆ. ಹೆಂಡತಿಯ ಪಾಲನ್ನು ಮಾತ್ರ ಅವಳು ಪೂರ್ತಿಯಾಗಿ ಹೊರಲಿ ಎನ್ನುತ್ತಾನೆ. ಇದು ಸತ್ಯವೇದವನ್ನು ಓದುವ ನ್ಯಾಯವಾದ ರೀತಿಯಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಯಾಕೋಬನು ತನ್ನ ಮನೆಯವರೊಡನೆ ತಿರಿಗಿ ಬರುವಾಗ ಏಸಾವನು ಅವನನ್ನು ಸಂಧಿಸಿ, ಕೂಡಿಕೊಂಡು ಹೋಗೋಣವೆಂದು ಕರೆದನು. ಯಾಕೋಬನು ಒಪ್ಪಲಿಲ್ಲ. ತನ್ನ ಸಂಗಡ ಎಳೆಯ ಮಕ್ಕಳೂ ಹಾಲು ಕೊಡುವ ಕುರಿದನಗಳೂ ಇವೆ, ಒಂದು ದಿವಸ ಹೆಚ್ಚಾಗಿ ಓಡಿಸಿದರೂ ಹಿಂಡು ಸತ್ತುಹೋಗುವದು, ಆದದರಿಂದ ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುವೆನೆಂದು ಹೇಳಿ ಹಿಂದೆ ಉಳಿದನು. ಇಲ್ಲಿ ಕುರುಬನ ಧರ್ಮವು ನಮಗೆ ಚೆನ್ನಾಗಿ ಕಾಣುತ್ತದೆ: ಹಿಂಡು ಬಲಿಷ್ಠನ ವೇಗದಿಂದ ನಡೆಯತಕ್ಕದ್ದಲ್ಲ, ಎಳೆಯದರ ವೇಗದಿಂದ ನಡೆಯತಕ್ಕದ್ದು. ಯೆಶಾಯನೂ ದೇವರನ್ನು ಮರಿಗಳಿರುವ ಕುರಿಗಳನ್ನು ಮೆಲ್ಲಗೆ ನಡಿಸುವ ಕುರುಬನಿಗೆ ಹೋಲಿಸಿದ್ದಾನೆ. ನಮ್ಮ ರೈತರಿಗೆ ಇದನ್ನು ಕಲಿಸಬೇಕಾಗಿಲ್ಲ. ಗಬ್ಬದ ಹಸುವಿಗೆ ದಿವಸ ತುಂಬಿ ಬರುವಾಗ ಅದನ್ನು ದೂರ ಮೇಯಲು ಅಟ್ಟದೆ ಕೊಟ್ಟಿಗೆಯಲ್ಲಿ ಕಟ್ಟಿ ಹಿಂಡಿ, ಹಸಿಹುಲ್ಲು ಹಾಕುವರು. ಹಸುವಿಗೆ ಇದನ್ನು ದಾನವೆಂದು ಕೊಡುವವರಿಲ್ಲ. ಇದು ಸಲ್ಲತಕ್ಕದ್ದೆಂದು ಕೊಡುತ್ತಾರೆ. ಕೊಟ್ಟಿಗೆಯಲ್ಲಿ ತಿಳಿದಿರುವ ಧರ್ಮವನ್ನು ಮನೆಯೊಳಗೆ ಮರೆಯಬಹುದೋ?

ಸಾಲ ಮತ್ತು ದಾನ ಇವುಗಳ ಭೇದವು ಬರೀ ಮಾತಿನದಲ್ಲ. ದಾನವನ್ನು ಪಡೆದವಳು ಕೃತಜ್ಞಳಾಗಿ ತಲೆ ತಗ್ಗಿಸಬೇಕಾಗುತ್ತದೆ. ಮನಸ್ಸು ಬಾರದಿದ್ದರೆ ಕೊಡುವವನು ನಿಲ್ಲಿಸಿಬಿಡಬಹುದು. ಸಾಲವಾದರೋ ಹಾಗಲ್ಲ. ಅದನ್ನು ಕೊಡದವನು ತಪ್ಪಿತಸ್ಥನು. ಪಡೆದುಕೊಂಡವಳು ಯಾರಿಗೂ ಹಂಗಾಳಲ್ಲ. ಹೊಸ ಮನುಷ್ಯನನ್ನು ಲೋಕಕ್ಕೆ ತರುವ ಕೆಲಸವನ್ನು ಒಬ್ಬಳು ತನ್ನ ರಕ್ತದಿಂದ ಮಾಡುತ್ತಾಳೆ. ಆ ಮನುಷ್ಯನು ಮುಂದೆ ಮನೆಗೂ ಊರಿಗೂ ಸಭೆಗೂ ಆಧಾರವಾಗುತ್ತಾನೆ. ಪ್ರಯೋಜನವು ಎಲ್ಲರದಾಗಿ ಭಾರವು ಒಬ್ಬಳದೇ ಆಗುವದು ನ್ಯಾಯವಲ್ಲ. ಆದದರಿಂದ ಅವಳ ವಿಶ್ರಾಂತಿಯು ಸಾಲವೇ ಎಂದು ನಾವು ನಿಸ್ಸಂದೇಹವಾಗಿ ಹೇಳುತ್ತೇವೆ.

ನಮ್ಮ ದೇಶದ ಕಾನೂನು ಕೂಡ ನಿಧಾನವಾಗಿ ಇದೇ ತೀರ್ಮಾನಕ್ಕೆ ಬಂದಿತು. 1928ರಲ್ಲಿ ಮುಂಬಯಿ ಪ್ರಾಂತ್ಯದ ಶಾಸನಸಭೆಯಲ್ಲಿ ಕಾರ್ಖಾನೆಯ ಹೆಂಗಸರ ಹೆರಿಗೆಯ ಸೌಲಭ್ಯದ ವಿಷಯವು ಚರ್ಚೆಗೆ ಬಂದಾಗ, ಡಾಕ್ಟರ್ ಭೀಮರಾವ್ ಅಂಬೇಡ್ಕರರು ಎದ್ದು, ತಾಯಿಗೆ ಹೆರಿಗೆಯ ಕಾಲದಲ್ಲಿ ವಿಶ್ರಾಂತಿ ದೊರೆಯುವದು ದೇಶದ ಹಿತಕ್ಕೆ ಅವಶ್ಯವೆಂದೂ ಅದರ ಖರ್ಚಿನ ದೊಡ್ಡ ಪಾಲನ್ನು ಸರಕಾರವು ಹೊರತಕ್ಕದ್ದೆಂದೂ ವಾದಿಸಿದರು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗಳು ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದವು. 1929ರಲ್ಲಿ ಆ ಪ್ರಾಂತ್ಯದಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ 1961ರಲ್ಲಿ ಇಡೀ ದೇಶಕ್ಕೆ ಒಂದು ಕಾಯಿದೆ ಮಾಡಲ್ಪಟ್ಟು, 2017ರ ತಿದ್ದುಪಡಿಯಿಂದ ಮೊದಲಿನ ಎರಡು ಮಕ್ಕಳ ಹೆರಿಗೆಗೆ ಸಂಬಳಸಹಿತವಾದ ರಜೆಯು 12 ವಾರಗಳಿಂದ 26 ವಾರಗಳಿಗೆ ಏರಿತು. 50 ಮಂದಿ ಕೆಲಸದವರಿರುವ ಕಡೆ ಕೂಸುಗಳನ್ನು ನೋಡಿಕೊಳ್ಳುವ ಸ್ಥಳವೂ ಇರಬೇಕೆಂದಾಯಿತು. ಈ ನಿಯಮಗಳನ್ನು 2020ರ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿಯೂ ಸೇರಿಸಿದ್ದಾರೆ. ಹೆರಿಗೆಯ ದಿವಸಕ್ಕೆ ಮುಂಚಿನ 12 ತಿಂಗಳಲ್ಲಿ 80 ದಿವಸ ಕೆಲಸ ಮಾಡಿದವಳಿಗೆ ಈ ಹಕ್ಕು ಇದೆ. ಕಾರ್ಖಾನೆಗೂ ಕಾಫಿತೋಟಕ್ಕೂ ಹೋಗುವ ನಮ್ಮ ಸಹೋದರಿಯರು ಇದನ್ನು ತಿಳಿದಿರತಕ್ಕದ್ದು, ನಾಚದೆ ಕೇಳತಕ್ಕದ್ದು.

ಆದರೆ ಇಲ್ಲಿಯೇ ದುಃಖದ ಸಂಗತಿಯೂ ಇದೆ. ಊರಿನ ಹೊಲಗದ್ದೆಗಳಲ್ಲಿ ದಿವಸಕ್ಕೊಬ್ಬರ ಬಳಿ ಕೂಲಿ ಮಾಡುವವಳಿಗೆ ಈ 26 ವಾರಗಳು ಸಿಕ್ಕುವದಿಲ್ಲ, ಯಾಕಂದರೆ ಅವಳಿಗೆ ರಜೆ ಕೊಡತಕ್ಕ ಯಜಮಾನನು ಇವನೇ ಎಂದು ಬೆರಳು ತೋರಿಸಲಾಗುವದಿಲ್ಲ. ಕಾನೂನಿನ ಕೈ ಮುಟ್ಟದ ಸ್ಥಳದಲ್ಲಿ ಸಾಲವು ರದ್ದಾಯಿತೋ? ಇಲ್ಲ. ಅಲ್ಲಿ ಅದು ಅವಳ ಸುತ್ತಲಿರುವವರ ಮೇಲೆ ಬಂದು ನಿಲ್ಲುತ್ತದೆ.

ಮೊದಲನೆಯ ಸಾಲಗಾರನು ಗಂಡನು. ಎಲ್ಕಾನನು ವರ್ಷಂಪ್ರತಿಯ ಯಜ್ಞಕ್ಕಾಗಿ ಶೀಲೋವಿಗೆ ಹೊರಟಾಗ ಹನ್ನಳು ಕೂಸಿನ ಮೊಲೆ ಬಿಡಿಸುವ ವರೆಗೆ ಬರುವದಿಲ್ಲವೆಂದಳು. ದೇವರ ಆಲಯಕ್ಕೆ ಹೋಗುವ ವಿಷಯವಾಗಿದ್ದರೂ ಅವನು ಅವಳನ್ನು ಬಲಾತ್ಕರಿಸದೆ ಅವಳ ತೀರ್ಮಾನಕ್ಕೆ ಬಿಟ್ಟನು. ಇಂಥ ಗಂಡನು ಈಗ ಏನು ಮಾಡತಕ್ಕದ್ದು? ಹೆಂಡತಿಯು ಬಸುರಿಯೆಂದು ತಿಳಿದ ದಿವಸದಿಂದ ನೀರು ಹೊರುವದನ್ನೂ ಸೌದೆ ತರುವದನ್ನೂ ಭಾರವಾದ ಮೂಟೆ ಎತ್ತುವದನ್ನೂ ತನ್ನ ಕೆಲಸವಾಗಿ ಮಾಡಿಕೊಳ್ಳಲಿ. ದಿವಸಕ್ಕೆ 10 ರೂಪಾಯಿಯಂತೆ ಬೇರೆ ಇಟ್ಟರೆ 270 ದಿವಸಗಳಲ್ಲಿ 2,700 ರೂಪಾಯಿ ಕೂಡುವದು. ಎಲೆಯಡಿಕೆಗೂ ಬೀಡಿಗೂ ಹೋಗುವ ಹಣವನ್ನು ಇದಕ್ಕೆ ತಿರುಗಿಸಿದರೆ ಇದು ಅಸಾಧ್ಯವಲ್ಲ. ಹೆಂಡದ ಅಂಗಡಿಗೆ ಹೋಗುವ ಗಂಡನಿಗೆ ನಾವು ಒಂದೇ ಮಾತನ್ನು ಹೇಳುತ್ತೇವೆ: ನೀನು ಕುಡಿಯುವದು ನಿನ್ನ ಕೂಸಿನ ಹಾಲು. ಹುಟ್ಟುವದು ಹೆಣ್ಣಾದರೂ ಗಂಡಾದರೂ ಸಿದ್ಧತೆಯು ಒಂದೇ ಸಮನಾಗಿರಲಿ. ಹೆಣ್ಣು ಹುಟ್ಟಿತೆಂದು ಬಾಣಂತಿಯ ತುಪ್ಪವನ್ನು ಕಡಿಮೆ ಮಾಡುವ ಮನೆಯು ಕ್ರೈಸ್ತರ ಮನೆಯೆಂದು ಹೇಳಿಕೊಳ್ಳಬಾರದು.

ಎರಡನೆಯ ಸಾಲಗಾರರು ಮನೆಯ ಹಿರಿಯ ಹೆಂಗಸರು. ಅತ್ತೆಯಾದವಳು ತಾನು ಪಟ್ಟ ಕಷ್ಟವನ್ನು ಸೊಸೆಯೂ ಪಡಲಿ ಎಂದರೆ ಕಷ್ಟಕ್ಕೆ ಕೊನೆಯಾಗುವದಿಲ್ಲ. ನಾನು ಪಟ್ಟೆನು, ನೀನು ಪಡಬೇಡ ಎಂದವಳೇ ಅದನ್ನು ಕೊನೆಗಾಣಿಸುವಳು. ಮುದುಕಿಯಾದ ಎಲಿಸಬೇತಳು ಆರು ತಿಂಗಳ ಗರ್ಭಿಣಿಯಾಗಿದ್ದಾಗ ಎಳೆಯಳಾದ ಮರಿಯಳು ಬೆಟ್ಟದ ಸೀಮೆಗೆ ಹೋಗಿ ಹೆಚ್ಚುಕಡಿಮೆ ಮೂರು ತಿಂಗಳು ಅವಳ ಸಂಗಡ ಇದ್ದಳು. ಗರ್ಭಿಣಿಗೆ ಜೊತೆ ಬೇಕೆಂಬದನ್ನೂ, ಆ ಜೊತೆಯಲ್ಲಿ ದೇವರ ಸ್ತೋತ್ರವು ಹುಟ್ಟುವದೆಂಬದನ್ನೂ ಇದರಿಂದ ಕಲಿಯಬೇಕು. ಬಾಣಂತನದ ಎಣ್ಣೆನೀರು, ಬೆಚ್ಚಗಿನ ಹಾಸಿಗೆ, ಮೆಣಸಿನ ಸಾರು ಇವುಗಳಲ್ಲಿ ನಮ್ಮ ಹಿರಿಯರ ಪ್ರೀತಿಯೂ ಅನುಭವವೂ ಇದೆ. ಆದರೆ ಮೊದಲು ಬರುವ ಹಳದಿಯ ಹಾಲನ್ನು ಹಿಂಡಿ ಚೆಲ್ಲುವದು, ಕೂಸಿಗೆ ಜೇನನ್ನು ನೆಕ್ಕಿಸುವದು, ಬಾಣಂತಿಗೆ ನೀರನ್ನೂ ಕಾಯಿಪಲ್ಯವನ್ನೂ ತಡೆಯುವದು ಇವುಗಳಿಂದ ಕೇಡಾಗುವದು. ಆ ಮೊದಲಿನ ಹಾಲೇ ಕೂಸನ್ನು ರೋಗಗಳಿಂದ ಕಾಯುವದು. ಹುಟ್ಟಿದ ಒಂದು ತಾಸಿನೊಳಗೆ ಅದನ್ನು ಕುಡಿಸಬೇಕು, ಆರು ತಿಂಗಳ ವರೆಗೆ ತಾಯಿಯ ಹಾಲಲ್ಲದೆ ನೀರನ್ನೂ ಕೊಡಬಾರದು.

ಮೂರನೆಯ ಸಾಲಗಾರನು ಕೆಲಸ ಮಾಡಿಸಿಕೊಳ್ಳುವವನು. ಇಲ್ಲಿ ನಾವು ದೂರದ ಯಜಮಾನರನ್ನು ಮಾತ್ರ ಹಳಿದು ಸುಮ್ಮನಾಗಕೂಡದು. ನಮ್ಮ ಸಭೆಗಳಲ್ಲಿ ಹೊಲವುಳ್ಳವರಿದ್ದಾರೆ. ಸಂಬಳದ ಉದ್ಯೋಗದಲ್ಲಿದ್ದು ಮನೆಗೆಲಸಕ್ಕೆ ಹೆಂಗಸರನ್ನು ಇಟ್ಟುಕೊಂಡವರಿದ್ದಾರೆ. ಶಾಲೆಯಲ್ಲಿ ಕಲಿಸುವ ಒಬ್ಬ ಸಹೋದರಿಯು ತನ್ನ ಹೆರಿಗೆಗೆ ಕಾನೂನಿನ ಪ್ರಕಾರ ರಜೆಯನ್ನು ಪಡೆಯುತ್ತಾಳೆ, ಅದು ನ್ಯಾಯ. ಆದರೆ ಅವಳ ಮನೆಯಲ್ಲಿ ಪಾತ್ರೆ ತೊಳೆಯುವವಳು ಬಸುರಿಯಾದಾಗ ಅವಳಿಗೆ 26 ದಿವಸವಾದರೂ ಕೂಲಿಸಹಿತ ರಜೆ ದೊರೆಯುತ್ತದೋ? ಇಲ್ಲವೆ, ಬೇರೆಯವಳನ್ನು ನೋಡಿಕೊಳ್ಳುತ್ತೇವೆ ಎಂಬ ಉತ್ತರ ದೊರೆಯುತ್ತದೋ? ಕೊಯ್ಲು ಮಾಡಿದವರ ಕೂಲಿಯನ್ನು ಹಿಡಿದುಕೊಂಡರೆ ಆ ಕೂಲಿಯೇ ದೇವರಿಗೆ ಕೂಗಿಕೊಳ್ಳುವದೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಎಚ್ಚರಿಸಿದ್ದಾನೆ. ಗರ್ಭಿಣಿಗೆ ಬಗ್ಗುವ ಕೆಲಸವನ್ನು ಬಿಟ್ಟು ಕೂತು ಮಾಡುವ ಕೆಲಸವನ್ನು ಕೊಡುವದು, ಬಿಸಿಲೇರಿದಾಗ ನೆರಳಿಗೆ ಕಳುಹಿಸುವದು, ಹಾಲೂಡಿಸಲು ಹೋಗಿಬಂದದ್ದಕ್ಕೆ ಕೂಲಿಯನ್ನು ಮುರಿಯದೆ ಇರುವದು ಇವು ಬಡ ರೈತನಿಂದಲೂ ಆಗುವ ಸಂಗತಿಗಳು.

ನಾಲ್ಕನೆಯ ಸಾಲಗಾರರು ಸಭೆಯವರಾದ ನಾವೆಲ್ಲರು. ನಮ್ಮ ನಾಡಿನಲ್ಲಿ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದುಕೊಂಡು ಹೋಗುವ ಪದ್ಧತಿಯಿದೆ. ಇದು ಬಹಳ ಒಳ್ಳೇ ಪದ್ಧತಿ. ವರ್ಷವಿಡೀ ದುಡಿಯುವವಳಿಗೆ ಸಿಕ್ಕುವ ಒಂದೇ ವಿಶ್ರಾಂತಿ ಇದೆಂದರೂ ಸಲ್ಲುವದು. ಆದರೆ ಕ್ರಿಸ್ತನನ್ನು ಒಪ್ಪಿಕೊಂಡ ಕಾರಣ ತವರಿನ ಬಾಗಲು ಮುಚ್ಚಲ್ಪಟ್ಟವಳು ಏನು ಮಾಡಬೇಕು? ಮಡಿಲು ತುಂಬುವವರಿಲ್ಲ; ಬಳೆ ತೊಡಿಸುವ ತಾಯಿಯಿಲ್ಲ; ರಾತ್ರಿಯಲ್ಲಿ ನೋವು ಬಂದರೆ ಕೂಗತಕ್ಕ ಹೆಸರಿಲ್ಲ. ದೀಕ್ಷಾಸ್ನಾನದ ದಿವಸ ನಾವು ಅವಳನ್ನು ಸಹೋದರಿ ಎಂದು ಕರೆದೆವು. ಆ ಮಾತು ಸತ್ಯವೋ ಸುಳ್ಳೋ ಎಂಬದು ಅವಳ ಬಾಣಂತನದಲ್ಲಿ ಗೊತ್ತಾಗುವದು. ಮನೆಮಾರುಗಳನ್ನೂ ತಾಯಿತಂದೆಗಳನ್ನೂ ಬಿಟ್ಟವರಿಗೆ ಮನೆಗಳೂ ತಾಯಂದಿರೂ ಸಿಕ್ಕುವರೆಂದು ಕರ್ತನು ಮಾತು ಕೊಟ್ಟನಷ್ಟೆ. ಆ ಮಾತನ್ನು ನೆರವೇರಿಸುವದಕ್ಕೆ ಆತನಿಗೆ ನಮ್ಮ ಮನೆಗಳಲ್ಲದೆ ಬೇರೆ ಮನೆಗಳಿಲ್ಲ. ಅಂಥವಳಿಗೆ ಸಭೆಯೇ ತವರಾಗಬೇಕು.

ನಮ್ಮ ಮುಂಚಿನವರು ಇದನ್ನು ಅರಿತಿದ್ದರು. ಮೈಸೂರಿನಲ್ಲಿ 1906ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು ತೆರೆಯಲ್ಪಟ್ಟಿತು. ಉಡುಪಿಯಲ್ಲಿ 1923ರಲ್ಲಿ ಬಾಸೆಲ್ ಮಿಶನಿನ ವೈದ್ಯೆ ಈವಾ ಲೊಂಬಾರ್ಡ್ ಅವರು ಆಸ್ಪತ್ರೆಯನ್ನು ಆರಂಭಿಸಿದರು. ತಾಯಿಯ ಹಾಸಿಗೆಯ ಬಳಿ ನಿಲ್ಲುವದು ಸುವಾರ್ತೆಯ ಕೆಲಸವೇ ಎಂದು ಅವರು ತಿಳಿದಿದ್ದರು. ನಮಗೆ ಆಸ್ಪತ್ರೆ ಕಟ್ಟುವ ಶಕ್ತಿಯಿಲ್ಲದಿದ್ದರೆ ಇರಲಿ, ಹಿಡಿ ಅಕ್ಕಿಯನ್ನು ತೆಗೆದಿಡುವ ಶಕ್ತಿ ಇದೆ. ಈಶಾನ್ಯದ ಮಿಜೋ ಬೆಟ್ಟಗಳ ಕ್ರೈಸ್ತ ಸ್ತ್ರೀಯರು 1910ರಲ್ಲಿ ಒಂದು ಕ್ರಮವನ್ನು ಆರಂಭಿಸಿದರು. ಅಡಿಗೆಗೆ ಇಡುವಾಗಲೆಲ್ಲಾ ಒಂದು ಹಿಡಿ ಅಕ್ಕಿಯನ್ನು ಬೇರೆ ಗಡಿಗೆಯಲ್ಲಿ ಹಾಕಿ ದೇವರ ಕೆಲಸಕ್ಕಾಗಿ ಸಭೆಗೆ ಒಪ್ಪಿಸುವರು. ಬಡವರ ಆ ಹಿಡಿಗಳಿಂದ ದೊಡ್ಡ ಸೇವೆಗಳು ನಡೆದವು. ನಮ್ಮ ಒಂದೊಂದು ಗ್ರಾಮಸಭೆಯಲ್ಲಿಯೂ ಬಾಣಂತಿಯ ಗಡಿಗೆ ಎಂದು ಒಂದನ್ನು ಇಡೋಣ. ಅಕ್ಕಿಯೋ ರಾಗಿಯೋ ಜೋಳವೋ, ಮನೆಗೆ ಇದ್ದದ್ದು. ಕೂಲಿ ನಿಂತ ಮನೆಗೆ ಅದು ಆರು ವಾರದ ಅನ್ನವಾಗಲಿ. ಸಭೆಯ ಹೆಂಗಸರು ಸರದಿಯಿಂದ ರಾತ್ರಿ ಜೊತೆಗಿರಲಿ. ಗಂಡಸರು ನೀರನ್ನೂ ಸೌದೆಯನ್ನೂ ಮುಟ್ಟಿಸಲಿ.

ಗಂಡನು ಬಿಟ್ಟುಹೋದವಳಿಗೂ ಮದುವೆಯಾಗದೆ ಗರ್ಭಿಣಿಯಾದವಳಿಗೂ ಈ ಗಡಿಗೆಯಿಂದ ಕೊಡಬೇಕೋ ಎಂದು ಕೆಲವರು ಕೇಳುವರು. ಕೊಡಬೇಕು. ಸಭೆಯ ಶಿಕ್ಷಾಕ್ರಮವು ತನ್ನ ಸ್ಥಳದಲ್ಲಿ ಇರಲಿ. ಆದರೆ ಗಂಜಿಯನ್ನು ನಿಲ್ಲಿಸುವದು ಶಿಕ್ಷಾಕ್ರಮವಲ್ಲ. ಹುಟ್ಟಲಿಕ್ಕಿರುವ ಕೂಸು ಯಾವ ತಪ್ಪನ್ನೂ ಮಾಡಲಿಲ್ಲ. ತಪ್ಪಿನಲ್ಲಿ ಪಾಲುಗಾರನಾದ ಗಂಡಸು ಅನೇಕ ಸಾರಿ ನಮ್ಮ ಮಧ್ಯದಲ್ಲಿಯೇ ತಲೆಯೆತ್ತಿಕೊಂಡು ಕೂತಿರುತ್ತಾನೆ.

ಸರಕಾರದಿಂದ ಬರತಕ್ಕದ್ದನ್ನು ತೆಗೆದುಕೊಳ್ಳಲು ನಾಚಬಾರದು. ಅದು ಭಿಕ್ಷೆಯಲ್ಲ, ಅದೂ ಸಾಲದ ತೀರಿಕೆಯೇ. ಬಸುರಿಯೆಂದು ತಿಳಿದೊಡನೆ ಅಂಗನವಾಡಿಯಲ್ಲಿಯೂ ಆಶಾ ಕಾರ್ಯಕರ್ತೆಯ ಬಳಿಯಲ್ಲಿಯೂ ಹೆಸರು ಬರೆಯಿಸಿ ತಾಯಿ ಕಾರ್ಡನ್ನು ಪಡೆಯಿರಿ. ಮಾತೃವಂದನಾ ಯೋಜನೆಯಲ್ಲಿ ಅರ್ಹರಾದವರಿಗೆ ಮೊದಲನೆಯ ಕೂಸಿಗೆ 5,000 ರೂಪಾಯಿಯೂ, ಎರಡನೆಯದು ಹೆಣ್ಣಾದರೆ 6,000 ರೂಪಾಯಿಯೂ ದೊರೆಯುವದು. ನಮ್ಮ ರಾಜ್ಯದಲ್ಲಿ 2017ರಲ್ಲಿ ಮಾತೃಪೂರ್ಣವೆಂಬ ಯೋಜನೆಯನ್ನು ಆರಂಭಿಸಿ ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯ ಮೂಲಕ ಊಟದ ಏರ್ಪಾಡು ಮಾಡಿದರು. ಪ್ರತಿ ತಿಂಗಳು 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುತ್ತಾರೆ. ಆ ದಿವಸ ಕೂಲಿಗೆ ಹೋಗದೆ ಅಲ್ಲಿಗೆ ಹೋಗಲಿ, ಗಂಡನೂ ಸಂಗಡ ಹೋಗಲಿ. ಕಬ್ಬಿಣಾಂಶದ ಮಾತ್ರೆಯನ್ನು ಗರ್ಭಕಾಲದಲ್ಲಿ 180 ದಿವಸ, ಹೆತ್ತ ಮೇಲೆ 180 ದಿವಸ ತೆಗೆದುಕೊಳ್ಳಬೇಕು. ರಕ್ತ ಕಡಿಮೆಯಾದವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಪ್ರಾಣಾಪಾಯ. ರಕ್ತಸ್ರಾವ, ಕಡು ತಲೆನೋವು, ಕಣ್ಣು ಮಂಜಾಗುವದು, ಮುಖ ಬಾತುಕೊಳ್ಳುವದು, ಕೂಸಿನ ಅಲುಗಾಟ ಕಡಿಮೆಯಾಗುವದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎನ್ನದೆ 108ಕ್ಕೆ ದೂರವಾಣಿ ಮಾಡಬೇಕು. ವಾಹನ ಬರಲಾಗದ ಕೇರಿಯಾದರೆ ಯಾರ ಗಾಡಿಯಲ್ಲಿ ರಸ್ತೆಯ ವರೆಗೆ ಹೋಗುವದೆಂದು ಎಂಟನೆಯ ತಿಂಗಳಲ್ಲಿಯೇ ಮಾತಾಡಿ ಇಡಿರಿ.

ಕಡೆಗೆ ದುಡಿಯುವ ತಾಯಿಗೆ ಒಂದು ಮಾತು. ಸಹೋದರಿಯೇ, ಕೂಸನ್ನು ಬಿಟ್ಟು ತಿರಿಗಿ ಕೆಲಸಕ್ಕೆ ಹೊರಟ ದಿವಸ ನಿನ್ನ ಎದೆಯಲ್ಲಿ ಹಾಲಿನೊಡನೆ ಒಂದು ಅಪರಾಧದ ಭಾವವೂ ತುಂಬಿಕೊಳ್ಳುವದು. ಅದನ್ನು ನಂಬಬೇಡ. ಕೂಸಿಗಾಗಿಯೇ ನೀನು ಹೋಗುತ್ತೀ. ಹೊರಡುವ ಮೊದಲೂ ಬಂದ ಕೂಡಲೇ ಮತ್ತು ರಾತ್ರಿಯೆಲ್ಲಾ ಹಾಲು ಕೊಡು. ಆದರೆ ಮಧ್ಯಾಹ್ನದಲ್ಲಿ ಕೂಸನ್ನು ನಿನ್ನ ಬಳಿಗೆ ತರುವವರನ್ನು ಮುಂಚಿತವಾಗಿ ಗೊತ್ತುಮಾಡು. 2023ರಲ್ಲಿ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಗಳಿಗಾಗಿ ಘೋಷಿಸಲ್ಪಟ್ಟ ಕೂಸಿನ ಮನೆಯು ನಿಮ್ಮ ಊರಿನಲ್ಲಿದೆಯೋ ಎಂದು ವಿಚಾರಿಸು. ವಿಶ್ರಾಂತಿ ಬೇಕೆಂದು ಬಾಯಿಬಿಟ್ಟು ಕೇಳು; ಕೇಳುವದು ಸೋಮಾರಿತನವಲ್ಲ. ಮತ್ತು ದೊಡ್ಡ ಮಕ್ಕಳ ಹಸಿವಿಗಾಗಿ ನೀನು ತುಂಬಿದ ತಿಂಗಳಲ್ಲಿಯೂ ಹೊಲಕ್ಕೆ ಹೋಗಲೇ ಬೇಕಾಗಿ ಬಂದರೆ, ದೇವರು ಅದಕ್ಕೆ ನಿನ್ನಿಂದ ಲೆಕ್ಕ ಕೇಳನು. ಸಹಾಯಮಾಡಲು ಶಕ್ತರಾಗಿದ್ದು ಸುಮ್ಮನಿದ್ದವರಿಂದ ಕೇಳುವನು.

ಪ್ರಿಯ ವಾಚಕರೇ, ಬರುವ ಆದಿತ್ಯವಾರ ದೇವಾಲಯದಲ್ಲಿ ಕೂತಿರುವಾಗ ನಿಮ್ಮ ಸಭೆಯಲ್ಲಿ ಈಗ ಗರ್ಭಿಣಿಯರು ಯಾರಾರಿದ್ದಾರೆಂದು ಮನಸ್ಸಿನಲ್ಲಿ ಎಣಿಸಿರಿ. ಅವರಲ್ಲಿ ನಾಳೆ ಕೂಲಿಗೆ ಹೋಗತಕ್ಕವರು ಯಾರು, ತವರಿಲ್ಲದವರು ಯಾರು ಎಂದು ಕೇಳಿಕೊಳ್ಳಿರಿ. ಕುರುಬನಾದ ಕರ್ತನು ಹಿಂಡಿನ ಹಿಂದೆ, ಭಾರವಾಗಿ ನಡೆಯುವವರ ಪಕ್ಕದಲ್ಲಿ ಮೆಲ್ಲಗೆ ಬರುತ್ತಿದ್ದಾನೆ. ನಾವು ಆತನ ಸಂಗಡ ಇರಬೇಕಾದರೆ ನಮ್ಮ ಹೆಜ್ಜೆಯನ್ನೂ ಸ್ವಲ್ಪ ನಿಧಾನಮಾಡಬೇಕು.